ಚಿಕ್ಕೋಡಿಯ ಮೀಸಲಾತಿ ವಿಜಯಪುರಕ್ಕೆ ಬಂದದ್ದು ಹೇಗೆ? ನಮ್ಮ ಲೋಕಸಭಾ ಕ್ಷೇತ್ರಗಳ ಗಡಿ ಮತ್ತು ಪ್ರಾತಿನಿಧ್ಯದ ಬಗ್ಗೆ ಕೆಲವು ಪ್ರಶ್ನೆಗಳು

ಪ್ರಶ್ನೆ: ಇಂಡಿ ತಾಲೂಕಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಮತದಾರರ ಸಾಕ್ಷರತಾ ಕ್ಲಬ್ಬಿನ ಮಕ್ಕಳು ಈ ವರ್ಷ ನಮ್ಮ ಲೋಕಸಭಾ ಕ್ಷೇತ್ರದ ಇತಿಹಾಸವನ್ನು ಒಂದು ಗೋಡೆಯ ಮೇಲೆ ಬರೆದು ತೋರಿಸಬೇಕೆಂದು ಹೊರಟಿದ್ದಾರೆ. ಕೆಲಸ ಶುರುವಾದ ಎರಡನೆಯ ದಿನವೇ ಮಕ್ಕಳ ಪ್ರಶ್ನೆಗಳಿಗೆ ನನ್ನ ಬಳಿ ಉತ್ತರವಿಲ್ಲದಂತಾಯಿತು.

ತೊಂಬತ್ತರ ಆಸುಪಾಸಿನಲ್ಲಿರುವ ನಮ್ಮ ಮುತ್ಯಾ ತಾವು ಮೊದಲ ಸಲ ಮತ ಹಾಕಿದ್ದು 1957ರಲ್ಲಿ, ಆಗ ನಮ್ಮ ಊರು 'ಬಿಜಾಪುರ ಉತ್ತರ' ಕ್ಷೇತ್ರದಲ್ಲಿತ್ತು, ಅದಕ್ಕೂ ಮೊದಲು ಅವರ ತಂದೆಯವರು ಮತ ಹಾಕುವಾಗ ನಾವು ಮುಂಬಯಿ ರಾಜ್ಯದವರಾಗಿದ್ದೆವು ಎನ್ನುತ್ತಾರೆ. ಆ ಉತ್ತರ ಎಲ್ಲಿ ಹೋಯಿತು, ಅದರ ಜೊತೆಗಿದ್ದ ದಕ್ಷಿಣ ಏನಾಯಿತು? ಎರಡನೆಯದಾಗಿ, 2009ರಿಂದ ನಮ್ಮ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಗಿದೆ, ಅದೇ ವರ್ಷ ಚಿಕ್ಕೋಡಿಯ ಮೀಸಲಾತಿ ಹೋಗಿದೆ. ಗ್ರಾಮ ಪಂಚಾಯತಿಯಲ್ಲಿ ಆಗುವ ಹಾಗೆ ಇದೂ ಸರದಿಯಂತೆ ತಿರುಗುತ್ತದೆ, ಮುಂದಿನ ಸಲ ಬಾಗಲಕೋಟೆಗೆ ಹೋಗುತ್ತದೆ ಎಂದು ಮಕ್ಕಳು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಮೂರನೆಯದಾಗಿ, ಊರು ವಿಜಯಪುರವಾಗಿ ಇಷ್ಟು ವರ್ಷವಾದರೂ ಚುನಾವಣೆಯ ಕಾಗದಗಳಲ್ಲಿ ಲೋಕಸಭಾ ಕ್ಷೇತ್ರದ ಹೆಸರು ಬಿಜಾಪುರವೆಂದೇ ಇರುವುದು ಏಕೆ?

ಇನ್ನೊಂದು ಸಣ್ಣ ಸಂಗತಿ. ತಾವು ಆಗ ಚೀಟಿಯ ಮೇಲೆ ಯಾವ ಗುರುತನ್ನೂ ಒತ್ತಲಿಲ್ಲ, ಸುಮ್ಮನೆ ಪೆಟ್ಟಿಗೆಗೆ ಹಾಕಿ ಬಂದೆವು ಎಂದು ಮುತ್ಯಾ ಹಟ ಹಿಡಿಯುತ್ತಾರೆ. ಮನೆಯಲ್ಲಿ ಎಲ್ಲರೂ ಇದನ್ನು ವಯಸ್ಸಿನ ಮರೆವು ಎನ್ನುತ್ತಾರೆ. ಗೊತ್ತಿದ್ದವರು ತಿಳಿಸಬೇಕು.

ಉತ್ತರ 1: ನಿವೃತ್ತ ಶಿಕ್ಷಕ, ವಿಜಯಪುರ

ಮೇಡಂ, ನಿಮ್ಮ ಮುತ್ಯಾ ಹೇಳಿದ್ದು ಸರಿಯಾಗಿದೆ. 1952ರ ಮೊದಲ ಚುನಾವಣೆಯ ಹೊತ್ತಿಗೆ ಬೆಳಗಾವಿ, ಬಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಈಗಿನ ಬಾಗಲಕೋಟೆಯನ್ನೂ ಒಳಗೊಂಡಿದ್ದ ಅಂದಿನ ಅಖಂಡ ಬಿಜಾಪುರ ಜಿಲ್ಲೆಗೆ ಉತ್ತರ ಮತ್ತು ದಕ್ಷಿಣ ಎಂಬ ಎರಡು ಕ್ಷೇತ್ರಗಳಿದ್ದವು. ಉತ್ತರದಿಂದ ರಾಜಾರಾಮ ಗಿರಿಧರಲಾಲ ದುಬೆ, ದಕ್ಷಿಣದಿಂದ ರಾಮಪ್ಪ ಬಾಲಪ್ಪ ಬಿದರಿ ಲೋಕಸಭೆಗೆ ಹೋದರು. ಇಬ್ಬರೂ ಕಾಂಗ್ರೆಸ್ಸಿನವರು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಡೆದ 1957ರ ಚುನಾವಣೆಯಲ್ಲಿ ದಕ್ಷಿಣವು ಬಿದರಿಯವರನ್ನೇ ಉಳಿಸಿಕೊಂಡಿತು. ಉತ್ತರ ಮಾತ್ರ ದುಬೆಯವರನ್ನು ಬಿಟ್ಟು ಮುರಿಗೆಪ್ಪ ಸಿದ್ದಪ್ಪ ಸುಗಂಧಿ ಎಂಬ ಪಕ್ಷೇತರರನ್ನು ಆರಿಸಿತು. ಏಕೀಕರಣವಾಗಿ ನಾಲ್ಕೈದು ತಿಂಗಳಾಗಿತ್ತಷ್ಟೆ, ಕಾಂಗ್ರೆಸ್ಸಿನ ಅಲೆ ಇನ್ನೂ ಇಳಿದಿರಲಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಪಕ್ಷೇತರ ಗೆದ್ದದ್ದನ್ನು ನಿಮ್ಮ ಗೋಡೆಯ ಮೇಲೆ ತುಸು ದಪ್ಪ ಅಕ್ಷರದಲ್ಲಿಯೇ ಬರೆಸಿರಿ. 1962ರಲ್ಲಿ ದುಬೆಯವರು ಮರಳಿ ಗೆದ್ದರು.

1967ರ ಚುನಾವಣೆಗೆ ಉತ್ತರ ಮತ್ತು ದಕ್ಷಿಣ ಎಂಬ ಹೆಸರುಗಳು ಹೋಗಿ ಬಿಜಾಪುರ ಮತ್ತು ಬಾಗಲಕೋಟೆ ಎಂಬ ಕ್ಷೇತ್ರಗಳಾದವು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ತನ್ನದೇ ಜಿಲ್ಲಾಧಿಕಾರಿಯನ್ನು ಕಾಣುವ ಮೂವತ್ತು ವರ್ಷ ಮೊದಲೇ ಆ ಊರು ತನ್ನದೇ ಹೆಸರಿನ ಸಂಸದನನ್ನು ಕಂಡಿತ್ತು. 1967ರಲ್ಲಿ ಬಿಜಾಪುರದಲ್ಲಿ ಗೆದ್ದವರು 'ಸ್ವತಂತ್ರ' ಎಂಬ ಹೆಸರಿನ ಪಕ್ಷದ ಜಿ. ಡಿ. ಪಾಟೀಲರು. ಆಮೇಲಿನ ಎರಡು ದಶಕಗಳ ಯಾದಿ ಬಹುಮಟ್ಟಿಗೆ ಕಾಂಗ್ರೆಸ್ಸಿನದು, ಅದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ. 1996ರಲ್ಲಿ ಜನತಾದಳ ಗೆದ್ದಿತು. 1998ರಲ್ಲಿ ಎಂ. ಬಿ. ಪಾಟೀಲರು ಕಾಂಗ್ರೆಸ್ಸಿನಿಂದ ಗೆದ್ದರೂ ಆ ಲೋಕಸಭೆ ಹದಿಮೂರು ತಿಂಗಳಿಗೇ ಮುಗಿಯಿತು. 1999 ಮತ್ತು 2004ರಲ್ಲಿ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳರು ಗೆದ್ದು, ವಾಜಪೇಯಿಯವರ ಸರಕಾರದಲ್ಲಿ ಮೊದಲು ಜವಳಿ, ಆಮೇಲೆ ರೈಲ್ವೆ ಖಾತೆಯ ರಾಜ್ಯ ಮಂತ್ರಿಯಾಗಿದ್ದರು.

ಹೆಸರಿನ ಪ್ರಶ್ನೆಗೆ ಉತ್ತರ ಸರಳವಾಗಿದೆ. 2014ರ ನವೆಂಬರ್ 1ರಂದು ಬದಲಾದದ್ದು ಊರು ಮತ್ತು ಜಿಲ್ಲೆಯ ಹೆಸರು. ಲೋಕಸಭಾ ಕ್ಷೇತ್ರದ ಹೆಸರು 2008ರ ಕ್ಷೇತ್ರ ಪುನರ್ವಿಂಗಡಣೆಯ, ಅಂದರೆ ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುವ ಕೆಲಸದ ಆದೇಶದಲ್ಲಿ ಅಚ್ಚಾಗಿದೆ, ಅದರಲ್ಲಿ ನಮ್ಮದು ರಾಜ್ಯದ ನಾಲ್ಕನೆಯ ಕ್ಷೇತ್ರ, ಹೆಸರು ಬಿಜಾಪುರ. ಬೆಳಗಾವಿಯೂ ಅಲ್ಲಿ ಬೆಲ್ಗಾಂ ಎಂಬ ಹಳೆಯ ಹೆಸರಿನಿಂದಲೇ ಎರಡನೆಯ ಸ್ಥಾನದಲ್ಲಿದೆ.

ಉತ್ತರ 2: ಲೆಕ್ಕದ ಮೇಷ್ಟ್ರು, ಬಾಗಲಕೋಟೆ

ಮೀಸಲಾತಿ ಸರದಿಯಂತೆ ತಿರುಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಆದರೆ ಬಹಳ ಜನರಲ್ಲಿರುವ ತಪ್ಪು. ಪಂಚಾಯತಿ ಮತ್ತು ಪುರಸಭೆಗಳಲ್ಲಿ ಆವರ್ತನ ಪದ್ಧತಿ ಇರುವುದು ನಿಜ. ಲೋಕಸಭೆ ಮತ್ತು ವಿಧಾನಸಭೆಗಳಿಗೆ ಅದು ಅನ್ವಯಿಸುವುದಿಲ್ಲ. ಒಮ್ಮೆ ಪುನರ್ವಿಂಗಡಣಾ ಆಯೋಗ ಗೆರೆ ಎಳೆದು ಇಂಥ ಕ್ಷೇತ್ರ ಮೀಸಲು ಎಂದು ಬರೆದರೆ, ಮುಂದಿನ ಪುನರ್ವಿಂಗಡಣೆ ಆಗುವವರೆಗೆ ಅದು ಮೀಸಲಾಗಿಯೇ ಇರುತ್ತದೆ. ಚಿಕ್ಕೋಡಿ 1967ರಿಂದ 2009ರವರೆಗೆ ಮೀಸಲಾಗಿದ್ದದ್ದು ಹೀಗೆಯೇ, ನಡುವೆ ಎಪ್ಪತ್ತರ ದಶಕದಲ್ಲಿ ಆದ ಪುನರ್ವಿಂಗಡಣೆಯೂ ಅದನ್ನು ಬದಲಿಸಲಿಲ್ಲ.

2008ರಲ್ಲಿ ಏನಾಯಿತೆಂಬುದನ್ನು ಮಕ್ಕಳು ಕರಿಹಲಗೆಯ ಮೇಲೆ ತಾವೇ ಲೆಕ್ಕ ಹಾಕಿ ನೋಡಬಹುದು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು 2001ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡಿತು. ಆ ಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಶೇಕಡಾ 16.2. ರಾಜ್ಯದ 28 ಸ್ಥಾನಗಳಲ್ಲಿ ಅದು ನಾಲ್ಕೂವರೆಗೆ ತುಸು ಮೇಲೆ ಬರುವುದರಿಂದ ಐದು ಸ್ಥಾನಗಳಾದವು. ಪರಿಶಿಷ್ಟ ಪಂಗಡದವರು ಶೇಕಡಾ 6.55, ಅದರಿಂದ ಎರಡು ಸ್ಥಾನ. ಅದಕ್ಕೂ ಮೊದಲು ಪರಿಶಿಷ್ಟ ಜಾತಿಗೆ ಬೀದರ, ಚಿಕ್ಕೋಡಿ, ಕೋಲಾರ, ಚಾಮರಾಜನಗರ ಎಂಬ ನಾಲ್ಕು ಸ್ಥಾನಗಳಿದ್ದವು, ಪಂಗಡಕ್ಕೆ ಒಂದೂ ಇರಲಿಲ್ಲ. ಹೊಸ ಹಂಚಿಕೆಯಲ್ಲಿ ಬೀದರ ಮತ್ತು ಚಿಕ್ಕೋಡಿ ಸಾಮಾನ್ಯ ಕ್ಷೇತ್ರಗಳಾದವು, ಗುಲಬರ್ಗಾ, ಬಿಜಾಪುರ ಮತ್ತು ಚಿತ್ರದುರ್ಗ ಮೀಸಲಾದವು, ಪಂಗಡದ ಎರಡು ಸ್ಥಾನಗಳು ರಾಯಚೂರು ಮತ್ತು ಬಳ್ಳಾರಿಗೆ ಸಂದವು. ಪರಿಶಿಷ್ಟ ಜಾತಿಯ ಸ್ಥಾನಗಳನ್ನು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಬೇಕು, ಆದಷ್ಟು ಆ ಜನಸಂಖ್ಯೆ ಹೆಚ್ಚಿರುವ ಕಡೆ ಇಡಬೇಕು ಎಂಬುದು ಕಾನೂನಿನ ನಿಯಮ. ಹಾಗಾಗಿ ಚಿಕ್ಕೋಡಿಯದನ್ನು ಕಿತ್ತು ನಿಮಗೆ ಕೊಟ್ಟರು ಎನ್ನುವುದಕ್ಕಿಂತ, ಇಡೀ ರಾಜ್ಯದ ಹಂಚಿಕೆ ಹೊಸದಾಗಿ ಆಯಿತು ಎನ್ನುವುದು ಹೆಚ್ಚು ಸರಿಯಾಗುತ್ತದೆ.

ಗಡಿಯ ವಿಷಯದಲ್ಲಿ ಲೆಕ್ಕ ಇನ್ನೂ ಚೆನ್ನಾಗಿದೆ. 2001ರಲ್ಲಿ ರಾಜ್ಯದ ಜನಸಂಖ್ಯೆ 5,28,50,562. ಅದನ್ನು 224 ವಿಧಾನಸಭಾ ಸ್ಥಾನಗಳಿಗೆ ಭಾಗಿಸಿದರೆ ಒಂದಕ್ಕೆ ಸುಮಾರು 2.36 ಲಕ್ಷ. ಬಾಗಲಕೋಟೆ ಜಿಲ್ಲೆಯ 16.52 ಲಕ್ಷವನ್ನು ಇದರಿಂದ ಭಾಗಿಸಿದರೆ ಸರಿಯಾಗಿ ಏಳು ಬರುತ್ತದೆ. ನಿಮ್ಮ ಜಿಲ್ಲೆಯ 18.07 ಲಕ್ಷಕ್ಕೆ ಏಳೂವರೆಗಿಂತ ಮೇಲೆ ಬಂದು ಎಂಟಾಗುತ್ತದೆ, ಬೆಳಗಾವಿಯ 42.14 ಲಕ್ಷಕ್ಕೆ ಹದಿನೆಂಟಾಗುತ್ತದೆ. ಇನ್ನು 224ನ್ನು 28ರಿಂದ ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು ಬೇಕು. ಹಾಗಾಗಿ ಮುದ್ದೇಬಿಹಾಳ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಬಬಲೇಶ್ವರ, ಬಿಜಾಪುರ ನಗರ, ನಾಗಠಾಣ, ಇಂಡಿ, ಸಿಂದಗಿ ಈ ಎಂಟೂ ಸೇರಿ ನಿಮ್ಮ ಜಿಲ್ಲೆಯ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಆಗಿವೆ. ನಮಗೆ ಏಳೇ ಇರುವುದರಿಂದ ಎಂಟನೆಯದಾಗಿ ಗದಗ ಜಿಲ್ಲೆಯ ನರಗುಂದ ಸೇರಿದೆ. ಬೆಳಗಾವಿಯ ಹದಿನೆಂಟರಲ್ಲಿ ಚಿಕ್ಕೋಡಿಗೆ ಎಂಟು, ಬೆಳಗಾವಿಗೆ ಎಂಟು ಹೋಗಿ ಉಳಿದ ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡ ಕ್ಷೇತ್ರದಲ್ಲಿವೆ. ಚೆನ್ನಮ್ಮನ ಕಿತ್ತೂರಿನವರು ಕಾರವಾರ ಮತ್ತು ಶಿರಸಿಯವರ ಜೊತೆ ನಿಂತು ತಮ್ಮ ಸಂಸದರನ್ನು ಆರಿಸುವುದಕ್ಕೆ ಇತಿಹಾಸದಲ್ಲಿ ಕಾರಣ ಹುಡುಕಬೇಕಿಲ್ಲ, ಹದಿನೆಂಟನ್ನು ಎಂಟರಿಂದ ಭಾಗಿಸಿದರೆ ಎರಡು ಉಳಿಯುತ್ತದೆ.

ನಮ್ಮ ಕ್ಷೇತ್ರದ ಎರಡು ಸಂಗತಿಗಳನ್ನು ಹೇಳದೆ ಮುಗಿಸಲಾರೆ. ಬಾಗಲಕೋಟೆ ಹೊರಗಿನ ದೊಡ್ಡ ನಾಯಕರನ್ನು ಒಮ್ಮೆ ಒಪ್ಪಿದೆ, ಒಮ್ಮೆ ಒಪ್ಪಿಲ್ಲ. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತಿದ್ದ ವೀರೇಂದ್ರ ಪಾಟೀಲರು 1980ರಲ್ಲಿ ಅದೇ ಇಂದಿರಾ ಕಾಂಗ್ರೆಸ್ಸಿನಿಂದ ಇಲ್ಲಿ ನಿಂತು ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು. 1991ರಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಇಲ್ಲಿ ಬಂದು ನಿಂತಾಗ ಅವರನ್ನು ಸೋಲಿಸಿದವರು ಜಮಖಂಡಿ ಭಾಗದ ಸಿದ್ದು ನ್ಯಾಮಗೌಡರು. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರೇ ಹಣ ಕೂಡಿಸಿ, ಕೈಯಾರೆ ದುಡಿದು 1989ರಲ್ಲಿ ಬ್ಯಾರೇಜು ಕಟ್ಟಿದಾಗ ಮುಂದೆ ನಿಂತಿದ್ದವರು ಅವರೇ. 'ಶ್ರಮಬಿಂದು ಸಾಗರ' ಎಂಬ ಹೆಸರು ಆ ನೀರಿಗೆ ಬಂದರೆ, 'ಬ್ಯಾರೇಜ್ ಸಿದ್ದು' ಎಂಬ ಹೆಸರು ಅವರಿಗೆ ಬಂತು. ಹೆಗಡೆಯವರ ಸೋಲನ್ನು ಆ ಕಾಲದಲ್ಲಿ ಜಾತಿಯ ಲೆಕ್ಕದಿಂದ, ಅಲೆಯ ಲೆಕ್ಕದಿಂದ ವಿವರಿಸಿದವರು ಬಹಳ ಜನ. ನನ್ನ ಮಟ್ಟಿಗೆ ನದಿದಂಡೆಯ ಹೊಲಕ್ಕೆ ಬಂದ ನೀರೇ ಅದರ ವಿವರಣೆ. 1998ರಲ್ಲಿ ಹೆಗಡೆಯವರ ಲೋಕಶಕ್ತಿ ಪಕ್ಷದ ಅಜಯಕುಮಾರ ಸರನಾಯಕರನ್ನು ಇದೇ ಕ್ಷೇತ್ರ ಆರಿಸಿ ಕಳಿಸಿತು ಎಂಬುದನ್ನೂ ಸೇರಿಸಬೇಕು. 2004ರಿಂದ ಐದು ಚುನಾವಣೆಗಳಲ್ಲಿ ಗೆದ್ದವರು ಬಿಜೆಪಿಯ ಪಿ. ಸಿ. ಗದ್ದಿಗೌಡರ ಒಬ್ಬರೇ.

ಉತ್ತರ 3: ರಾಯಬಾಗದ ವಕೀಲ

ಮೇಷ್ಟ್ರ ಲೆಕ್ಕ ಸರಿ, ಆದರೆ ಪ್ರಾತಿನಿಧ್ಯದ ಕಥೆ ಲೆಕ್ಕದಲ್ಲಿ ಮುಗಿಯುವುದಿಲ್ಲ. ಚಿಕ್ಕೋಡಿಯ ಕಡೆಯಿಂದ ನೋಡಿದರೆ ಅದು ಬೇರೆಯಾಗಿ ಕಾಣುತ್ತದೆ.

ನಮ್ಮ ಭಾಗದಲ್ಲಿ ದಲಿತ ರಾಜಕಾರಣ ಶುರುವಾದದ್ದು ಮೀಸಲಾತಿಯಿಂದಲ್ಲ. 1925ರಲ್ಲಿಯೇ ನಿಪ್ಪಾಣಿಯಲ್ಲಿ ಡಾ. ಅಂಬೇಡ್ಕರ್ ಅವರ ಪರಿಷತ್ತು ನಡೆದಿತ್ತು. 1957ರಲ್ಲಿ ಚಿಕ್ಕೋಡಿಯಿಂದ ಆರಿಸಿ ಹೋದವರು ಅಂಬೇಡ್ಕರ್ ಸ್ಥಾಪಿಸಿದ್ದ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನ ದತ್ತಾ ಅಪ್ಪಾ ಕಟ್ಟಿಯವರು. 1962ರಲ್ಲಿ ವಿ. ಎಲ್. ಪಾಟೀಲರು ಗೆದ್ದರು. 1967ರಲ್ಲಿ ಕ್ಷೇತ್ರ ಮೀಸಲಾದ ಮೇಲೆ ಬಿ. ಶಂಕರಾನಂದರು ಬಂದರು, ಬಂದವರು ಏಳು ಚುನಾವಣೆಗಳವರೆಗೆ ಕದಲಲಿಲ್ಲ. 1967, 1971, 1977, 1980, 1984, 1989, 1991. ಆರೋಗ್ಯ, ಜಲಸಂಪನ್ಮೂಲ, ಪೆಟ್ರೋಲಿಯಂ ಖಾತೆಗಳ ಮಂತ್ರಿಯಾಗಿದ್ದರು, ಬೋಫೋರ್ಸ್ ಫಿರಂಗಿ ಖರೀದಿಯ ವ್ಯವಹಾರವನ್ನು ವಿಚಾರಿಸಿದ ಜಂಟಿ ಸಂಸದೀಯ ಸಮಿತಿಯ ಅಧ್ಯಕ್ಷರಾಗಿದ್ದರು. ಅವರನ್ನು 1996ರಲ್ಲಿ ಸೋಲಿಸಿದವರು ಜನತಾದಳದ ರತ್ನಮಾಲಾ ಸವಣೂರ. ಅವರೂ ಕೇಂದ್ರದಲ್ಲಿ ರಾಜ್ಯ ಮಂತ್ರಿಯಾದರು.

ಈಗ ಇಂಡಿಯ ಮೇಡಂ ಕೇಳಿದ ಪ್ರಶ್ನೆಗೆ ನಿಜವಾಗಿ ಸಂಬಂಧಪಟ್ಟ ಮಾತು. 1998ರಲ್ಲಿ ಚಿಕ್ಕೋಡಿಗೆ ಬಂದವರು ರಮೇಶ ಜಿಗಜಿಣಗಿಯವರು. ಅವರು ನಿಮ್ಮ ಜಿಲ್ಲೆಯವರು, ಅಲ್ಲಿನ ಬಳ್ಳೊಳ್ಳಿ ಮೀಸಲು ಕ್ಷೇತ್ರದ ಶಾಸಕರಾಗಿದ್ದವರು. ತಮ್ಮ ಜಿಲ್ಲೆಯ ಲೋಕಸಭಾ ಕ್ಷೇತ್ರ ಸಾಮಾನ್ಯವಾಗಿದ್ದುದರಿಂದ ಅವರು ದಾಟಿ ನಮ್ಮಲ್ಲಿಗೆ ಬರಬೇಕಾಯಿತು ಎಂದು ನಾನು ಅರ್ಥಮಾಡಿಕೊಳ್ಳುತ್ತೇನೆ. 1998ರಲ್ಲಿ ಲೋಕಶಕ್ತಿ, 1999ರಲ್ಲಿ ಸಂಯುಕ್ತ ಜನತಾದಳ, 2004ರಲ್ಲಿ ಬಿಜೆಪಿ, ಹೀಗೆ ಮೂರು ಪಕ್ಷಗಳಿಂದ ಮೂರು ಸಲ ಚಿಕ್ಕೋಡಿಯಲ್ಲಿ ಗೆದ್ದರು. 2008ರಲ್ಲಿ ಗೆರೆ ಬದಲಾದೊಡನೆ ಮೀಸಲಾತಿ ಅವರ ಊರಿಗೆ ಹೋಯಿತು, ಅದರ ಹಿಂದೆಯೇ ಅವರೂ ಹೋದರು. 2009, 2014, 2019, 2024. ಮೂರು ಮತ್ತು ನಾಲ್ಕು ಕೂಡಿಸಿದರೆ ಏಳು, ಶಂಕರಾನಂದರಿಗೆ ಸರಿಸಮ. 1967ರಿಂದ ಇಲ್ಲಿಯವರೆಗೆ ಈ ಭಾಗದ ಮೀಸಲು ಸ್ಥಾನ ಚಿಕ್ಕೋಡಿಯಲ್ಲಿರಲಿ, ಬಿಜಾಪುರದಲ್ಲಿರಲಿ, ಅಲ್ಲಿಂದ ಆರಿಸಿ ಹೋದವರು ಮೂವರೇ. ಇದನ್ನು ಅನುಭವದ ಲಾಭ ಎನ್ನಬಹುದು, ಹೊಸಬರಿಗೆ ದಾರಿ ಇಲ್ಲದಾಯಿತು ಎಂದೂ ಹೇಳಬಹುದು. ಎರಡನೆಯ ಮಾತೇ ಹೆಚ್ಚು ನಿಜವೆಂದು ನನಗೆ ತೋರುತ್ತದೆ.

ಸಾಮಾನ್ಯ ಕ್ಷೇತ್ರವಾದ ಮೇಲೆ ಚಿಕ್ಕೋಡಿಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆದಿದೆ. 2009ರಲ್ಲಿ ರಮೇಶ ಕತ್ತಿ, 2014ರಲ್ಲಿ ಅವರನ್ನು ಬರೀ 3,003 ಮತಗಳಿಂದ ಸೋಲಿಸಿದ ಪ್ರಕಾಶ ಹುಕ್ಕೇರಿ, 2019ರಲ್ಲಿ ಅಣ್ಣಾಸಾಹೇಬ ಜೊಲ್ಲೆ, 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ. ನಾಲ್ಕು ಚುನಾವಣೆ, ನಾಲ್ಕು ಮಂದಿ. ಹೆಸರುಗಳು ಬದಲಾದರೂ ಸ್ಪರ್ಧೆ ಸಕ್ಕರೆ ಕಾರ್ಖಾನೆ ಮತ್ತು ಸಹಕಾರಿ ಕ್ಷೇತ್ರದಲ್ಲಿ ಹೆಸರಾದ ಮನೆತನಗಳ ಆಚೆಗೆ ಹೋಗಿಲ್ಲ ಎಂಬ ಮಾತು ನಮ್ಮ ವಕೀಲರ ಬಾರ್ ರೂಮಿನಲ್ಲಿ ಆಗಾಗ ಕೇಳಿಬರುತ್ತದೆ. ಹಾಗಿದ್ದೂ, ಪರಿಶಿಷ್ಟ ಪಂಗಡದ ಸಮುದಾಯಕ್ಕೆ ಸೇರಿದ ಇಪ್ಪತ್ತೇಳು ವರ್ಷದ ಹೆಣ್ಣುಮಗಳೊಬ್ಬಳು ಸಾಮಾನ್ಯ ಕ್ಷೇತ್ರದಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದದ್ದು ಸಣ್ಣ ಸಂಗತಿಯಲ್ಲ.

ಪ್ರಶ್ನೆ ಕೇಳಿದವರಿಂದ

ಸರ್, ನೀವು ಪ್ರಿಯಾಂಕಾ ಅವರ ಹೆಸರು ಹೇಳಿದ್ದರಿಂದ ಮಕ್ಕಳು ಇನ್ನೊಂದು ಯಾದಿ ಮಾಡಲು ಕುಳಿತರು. ಚಿಕ್ಕೋಡಿಯಿಂದ ರತ್ನಮಾಲಾ ಸವಣೂರ ಮತ್ತು ಪ್ರಿಯಾಂಕಾ ಜಾರಕಿಹೊಳಿ, ಬೆಳಗಾವಿಯಿಂದ ಮಂಗಲಾ ಅಂಗಡಿ. ಬಿಜಾಪುರ ಮತ್ತು ಬಾಗಲಕೋಟೆಯ ಯಾದಿಯಲ್ಲಿ ಒಬ್ಬ ಮಹಿಳೆಯ ಹೆಸರೂ ಸಿಗಲಿಲ್ಲ. ಬಾಗಲಕೋಟೆಯಲ್ಲಿ 2019ರಲ್ಲಿ ವೀಣಾ ಕಾಶಪ್ಪನವರ, 2024ರಲ್ಲಿ ಸಂಯುಕ್ತಾ ಪಾಟೀಲ ನಿಂತು ಸೋತಿದ್ದಾರೆ. ಬೆಳಗಾವಿಯ ಬಗ್ಗೆ ಯಾರಾದರೂ ಹೇಳಬಹುದೇ? 1996ರಲ್ಲಿ ಅಲ್ಲಿ ನಾನೂರಕ್ಕೂ ಹೆಚ್ಚು ಜನ ನಿಂತಿದ್ದರೆಂದು ಒಬ್ಬ ಹುಡುಗ ಎಲ್ಲಿಯೋ ಓದಿ ಬಂದಿದ್ದಾನೆ, ನನಗೆ ನಂಬಿಕೆಯಾಗುತ್ತಿಲ್ಲ.

ಉತ್ತರ 4: ಬೆಳಗಾವಿ ಶಹಾಪುರದ ಓದುಗ

ನಂಬಬೇಕು ಮೇಡಂ, 456 ಮಂದಿ ಕಣದಲ್ಲಿದ್ದರು. ಗಡಿ ವಿವಾದದ ಕಡೆಗೆ ದೇಶದ ಗಮನ ಸೆಳೆಯುವುದಕ್ಕಾಗಿ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕಡೆಯವರು ಗುಂಪು ಗುಂಪಾಗಿ ನಾಮಪತ್ರ ಸಲ್ಲಿಸಿದ್ದರು. ಅದೇ ಚುನಾವಣೆಯಲ್ಲಿ ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ನಿಂತಿದ್ದರು, ಅಲ್ಲಿನ ಕಾರಣ ನೀರಿನದು. ಮತಯಂತ್ರ ಇನ್ನೂ ಬಂದಿರಲಿಲ್ಲವಾದ್ದರಿಂದ ಇಷ್ಟೂ ಹೆಸರು ಮತ್ತು ಗುರುತುಗಳನ್ನು ಕಾಗದದ ಮೇಲೆಯೇ ಅಚ್ಚು ಹಾಕಬೇಕಿತ್ತು. ಗೆದ್ದವರು ಜನತಾದಳದ ಶಿವಾನಂದ ಕೌಜಲಗಿಯವರು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು, ಪಕ್ಷೇತರರಿಗೆ ಹತ್ತು ಮಂದಿ ಸೂಚಕರು ಬೇಕೆಂದರು. ಇಂದು ದೇಶದಲ್ಲಿ ಯಾವನೇ ಪಕ್ಷೇತರ ನಾಮಪತ್ರ ಹಾಕಲು ಹತ್ತು ಸಹಿ ಹುಡುಕುತ್ತಿದ್ದರೆ ಅದರಲ್ಲಿ ನಮ್ಮೂರಿನ ಪಾಲೂ ಇದೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲ ಮೂರೂ ಚುನಾವಣೆಗಳಲ್ಲಿ ಬಿ. ಎನ್. ದಾತಾರರು ಗೆದ್ದು ಕೇಂದ್ರದ ಗೃಹ ಖಾತೆಯಲ್ಲಿ ಮಂತ್ರಿಯಾಗಿದ್ದರು. 1963ರಲ್ಲಿ ಅವರು ತೀರಿಕೊಂಡ ಮೇಲೆ ಉಪಚುನಾವಣೆಯಲ್ಲಿ ಎಚ್. ವಿ. ಕೌಜಲಗಿಯವರು ಬಂದರು. 1980ರಿಂದ ನಾಲ್ಕು ಸಲ ಎಸ್. ಬಿ. ಸಿದ್ನಾಳರು, 1998ರಲ್ಲಿ ರೈತ ಮುಖಂಡ ಬಾಬಾಗೌಡ ಪಾಟೀಲರು, 2004ರಿಂದ ನಾಲ್ಕು ಸಲ ಸುರೇಶ ಅಂಗಡಿಯವರು. ರೈಲ್ವೆ ರಾಜ್ಯ ಮಂತ್ರಿಯಾಗಿದ್ದಾಗಲೇ 2020ರ ಸೆಪ್ಟೆಂಬರಿನಲ್ಲಿ ಕೋವಿಡ್‌ನಿಂದ ಅಂಗಡಿಯವರು ತೀರಿಕೊಂಡರು. 2021ರ ಉಪಚುನಾವಣೆಯಲ್ಲಿ ಅವರ ಪತ್ನಿ ಮಂಗಲಾ ಅವರು ಸತೀಶ ಜಾರಕಿಹೊಳಿಯವರನ್ನು 5,240 ಮತಗಳಿಂದಷ್ಟೇ ಸೋಲಿಸಿದರು. ಆ ಸಲ ಸಮಿತಿಯ ಅಭ್ಯರ್ಥಿಗೆ ಲಕ್ಷಕ್ಕೂ ಹೆಚ್ಚು ಮತ ಬಿದ್ದಿತ್ತು ಎಂಬುದನ್ನು ಆ ಅಂತರದ ಪಕ್ಕದಲ್ಲಿಟ್ಟು ನೋಡಬೇಕು. 2024ರಲ್ಲಿ ಜಗದೀಶ ಶೆಟ್ಟರರು ಗೆದ್ದಿದ್ದಾರೆ.

ವಿಧಾನಸಭೆಯಲ್ಲಿ ಬೆಳಗಾವಿ, ಖಾನಾಪುರ ಭಾಗದಿಂದ ಸಮಿತಿ ಹಲವು ಸಲ ಗೆದ್ದಿದ್ದರೂ ಲೋಕಸಭೆಯಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಕಾರಣ ಎರಡನೆಯ ಉತ್ತರದಲ್ಲಿಯೇ ಇದೆ. ನಗರದ ಎರಡು ಮತ್ತು ಗ್ರಾಮೀಣದ ಒಂದು ಕ್ಷೇತ್ರದ ಜೊತೆಗೆ ಗೋಕಾಕ, ಅರಭಾವಿ, ಬೈಲಹೊಂಗಲ, ಸವದತ್ತಿ ಯಲ್ಲಮ್ಮ, ರಾಮದುರ್ಗ ಸೇರಿದ ಎಂಟರಲ್ಲಿ ಅವರ ಬಲ ಮೂರರಷ್ಟೇ. ಖಾನಾಪುರವಂತೂ ಉತ್ತರ ಕನ್ನಡದ ಕಡೆಗಿದೆ.

ಉತ್ತರ 5: ಮತ್ತೆ ನಿವೃತ್ತ ಶಿಕ್ಷಕ, ವಿಜಯಪುರ

ಎಲ್ಲರೂ ಗಡಿಯ ಮಾತಿನಲ್ಲಿ ಮುಳುಗಿ ಮುತ್ಯಾನ ಪೆಟ್ಟಿಗೆಯನ್ನು ಮರೆತರು. 1952 ಮತ್ತು 1957ರ ಚುನಾವಣೆಗಳಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇರುತ್ತಿತ್ತು, ಅದರ ಮೇಲೆ ಅವರ ಚಿಹ್ನೆ ಅಂಟಿಸಿರುತ್ತಿದ್ದರು. ಮತದಾರನಿಗೆ ಕೊಡುತ್ತಿದ್ದ ಚೀಟಿಯ ಮೇಲೆ ಯಾವ ಅಭ್ಯರ್ಥಿಯ ಹೆಸರೂ ಇರುತ್ತಿರಲಿಲ್ಲ. ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಚಿಹ್ನೆಯ ಪೆಟ್ಟಿಗೆಗೆ ಅದನ್ನು ಹಾಕಿದರೆ ಮತ ಹಾಕಿದಂತೆ. ಒಂದೇ ಕಾಗದದ ಮೇಲೆ ಎಲ್ಲರ ಹೆಸರು ಅಚ್ಚಾಗಿ, ಅದರ ಮೇಲೆ ಗುರುತು ಒತ್ತಿ, ಎಲ್ಲರೂ ಒಂದೇ ಪೆಟ್ಟಿಗೆಗೆ ಹಾಕುವ ಪದ್ಧತಿ ದೇಶದಾದ್ಯಂತ ಬಂದದ್ದು 1962ರ ಸಾರ್ವತ್ರಿಕ ಚುನಾವಣೆಯಲ್ಲಿ. ನಿಮ್ಮ ಮನೆಯವರು ಮರೆವು ಎಂದದ್ದು ತಪ್ಪು. ಅವರ ಬಳಿ ಕುಳಿತು, ಆ ಪಕ್ಷೇತರನ ಪೆಟ್ಟಿಗೆಯ ಮೇಲೆ ಯಾವ ಚಿಹ್ನೆ ಇತ್ತೆಂದು ಕೇಳಿ ಬರೆದಿಟ್ಟುಕೊಳ್ಳಿರಿ.

ಪ್ರಶ್ನೆ ಕೇಳಿದವರಿಂದ

ಸರ್, ನಿನ್ನೆ ರಾತ್ರಿ ಊಟವಾದ ಮೇಲೆ ಕೇಳಿದೆ. ಚಿಹ್ನೆ ನೆನಪಿಲ್ಲ ಎಂದರು. ಆದರೆ ಪೆಟ್ಟಿಗೆ ಕಬ್ಬಿಣದ್ದು, ಚೀಟಿ ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದ್ದಕ್ಕೆ ಅಲ್ಲಿದ್ದ ಅಧಿಕಾರಿ ಗದರಿದರು ಎಂಬುದು ಮಾತ್ರ ಚೆನ್ನಾಗಿ ನೆನಪಿದೆಯಂತೆ. ಯಾರಿಗೆ ಹಾಕಿದಿರಿ ಎಂದು ಮಕ್ಕಳ ಪರವಾಗಿ ಕೇಳಿದರೆ, ಅದು ಗುಪ್ತ ಮತದಾನ ಎಂದು ಹೇಳಿ ಮಗ್ಗುಲು ಬದಲಿಸಿ ಮಲಗಿದರು.